ಉಬ್ಬದ ಬಲೂನು

ಹೆಂಡತಿ ವಿಸಿಟ್ ವೀಸಾದಲ್ಲಿ ಸೌದಿಯ ಥುಕ್ಬಾಕ್ಕೆ ಬರುವ ಹಿಂದಿನ ದಿನ ಗಂಡನಾದವನು ಮನೆ ಗುಡಿಸಬೇಕು, ಹಾಸಿಗೆಯ ಹೊದಿಕೆ ಬದಲಿಸಬೇಕು. ನಾನು ಬಚ್ಚಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದು ಬಲೂನನ್ನು ದಿಟ್ಟಿಸುತ್ತಿದ್ದೆ.

ಬಲೂನು ನನ್ನದಲ್ಲ. ನನ್ನ ಜೊತೆ ಫ್ಲ್ಯಾಟ್ ಹಂಚಿಕೊಂಡಿದ್ದ ಮೈಸೂರಿನವನದು. ಅಮಲಿಲ್ಲದ ಮಾಲ್ಟ್ ಪಾನೀಯ ಇಲ್ಲಿನ ಯಾವ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ನೀರಿನ ಕ್ಯಾನಿಗೆ ಸುರಿದು, ಸಕ್ಕರೆಯನ್ನೂ ಬ್ರೆಡ್ಡಿಗೆ ಹಾಕುವ ಯೀಸ್ಟನ್ನೂ ಸೇರಿಸಿ, ಅದರ ಬಾಯಿಗೆ ಬಲೂನು ಸಿಕ್ಕಿಸಿ ಅವನು ಬಿಯರ್ ಮಾಡಲು ಹೊರಟಿದ್ದ. ಹುದುಗು ಬಂದರೆ ಬಲೂನು ಉಬ್ಬಬೇಕು. ಉಬ್ಬಿರಲಿಲ್ಲ. ಈ ದೇಶದಲ್ಲಿ ಇಂಥದ್ದಕ್ಕೆ ಸಿಕ್ಕಿಬಿದ್ದರೆ ಜೈಲು, ಆಮೇಲೆ ಊರಿಗೆ ವಿಮಾನ. ಇಲ್ಲಿರಲು ಕೊಟ್ಟ ಪರವಾನಗಿ, ಆ ಇಕಾಮಾದ ಕಥೆ ಅಲ್ಲಿಗೆ ಮುಗಿಯಿತು. ಆ ಚಪ್ಪಟೆ ಬಲೂನನ್ನು ಕಂಡಾಗಲೆಲ್ಲ ನನಗೆ ಅದನ್ನು ಮುದ್ದಾಡಬೇಕೆನಿಸುತ್ತಿತ್ತು.

ಹೆಂಡತಿ ಇರುವಷ್ಟು ದಿನ ಅವನು ಗೆಳೆಯನ ರೂಮಿಗೆ ಹೋಗುವುದೆಂದು ಮಾತಾಗಿತ್ತು. ಅವನು ಹೋಗುತ್ತಾನೆ, ಕ್ಯಾನು ಮಾತ್ರ ಇಲ್ಲೇ ಇರುತ್ತದೆ ಎಂಬುದು ಆ ಬೆಳಿಗ್ಗೆ ತಿಳಿಯಿತು. ಟ್ಯಾಕ್ಸಿಯಲ್ಲಿ ಹೊತ್ತುಕೊಂಡು ಹೋಗುವುದಕ್ಕೆ ತನಗೇನು ಹುಚ್ಚೇ ಎಂದು ನನ್ನನ್ನೇ ಕೇಳಿದ. ಚೆಲ್ಲು ಎಂದೆ. ಸತ್ತಿದ್ದರೆ ಚೆಲ್ಲುತ್ತೇನೆ, ಆದರೆ ಬಲೂನಿನ ಮಾತು ನಂಬಲಾರೆ ಎಂದ.

"ನೀವೇ ಒಂದ್ಸಲ ನೋಡ್ಬಿಡಿ ಸಾರ್. ದೋಸೆ ಹಿಟ್ಟು ಹುಳಿ ಬಂತೋ ಇಲ್ವೋ ಅಂತ ಮೂಗಲ್ಲೇ ಹೇಳೋರು ನೀವು. ಬದುಕಿರೋದನ್ನ ಚೆಲ್ಲಿದ್ರೆ ಪಾಪ ಅಲ್ವಾ?"

"ದೋಸೆ ಹಿಟ್ಟಿಗೆ ಜೈಲಿಲ್ಲ ಮಾರಾಯ."

ಆದರೂ ಕೂತೆ. ಸತ್ತಿದೆ ಎಂದು ಒಂದು ಮಾತು ಹೇಳಿ ಏಳುವುದಷ್ಟೇ ನನ್ನ ಕೆಲಸವಾಗಿತ್ತು. ಆದರೆ ಕಂಪನಿಯಲ್ಲಿ ನಾನು ಸೇಫ್ಟಿ ಆಫೀಸರ್. ಅಲ್ಲಿ ಸಂಬಳಕ್ಕೆ ಗಾಬರಿಯಾಗುತ್ತೇನೆ, ಮನೆಯಲ್ಲಿ ಪುಕ್ಕಟೆ. ಅಡುಗೆ ಗ್ಯಾಸಿನ ಸಿಲಿಂಡರ್ ಬದಲಿಸಿದಾಗಲೆಲ್ಲ ರೆಗ್ಯುಲೇಟರಿಗೆ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ನೋಡದಿದ್ದರೆ ನನಗೆ ಊಟ ಸೇರದು. ಬಲೂನಿಗೆ ಸುತ್ತಿದ್ದ ಟೇಪು ಒಂದು ಕಡೆ ಎದ್ದಿರುವುದು ಕಣ್ಣಿಗೆ ಬಿತ್ತು. ಕೈ ತಾನಾಗಿ ಸೋಪಿನತ್ತ ಹೋಯಿತು. ಬಳಿದೆ. ಟೇಪಿನ ಸಂದಿಯಿಂದ ಗುಳ್ಳೆ ಎದ್ದಿತು, ಅದು ಒಡೆಯುವ ಮೊದಲೇ ಇನ್ನೊಂದು.

ಬಲೂನು ಉಬ್ಬದೆ ಇದ್ದದ್ದು ಒಳಗೆ ಏನೂ ನಡೆಯದೆ ಅಲ್ಲ. ಗಾಳಿಯೆಲ್ಲ ಸೋರಿ ಹೋಗುತ್ತಿತ್ತು. ಇಷ್ಟೂ ದಿನ ನಾನು ನೆಮ್ಮದಿಯಾಗಿ ಸ್ನಾನ ಮಾಡಿದ್ದು ಬಿಯರಿನ ಪಕ್ಕದಲ್ಲಿ.

ಅವನು ಹೆರಿಗೆ ಕೋಣೆಯ ಹೊರಗೆ ಸುದ್ದಿ ಕೇಳಿದ ಅಪ್ಪನಂತಾದ. ಟೇಪು ಬಿಗಿ ಮಾಡಿದ. ನಾವು ಚಹಾ ಕುಡಿದು ಬರುವಷ್ಟರಲ್ಲಿ ಬಲೂನು ನೆಟ್ಟಗೆ ನಿಂತಿತ್ತು. ಇನ್ನೊಂದು ವಾರ ಸಾಕು, ಅಕ್ಕನಿಗೆ ವಿನೆಗರ್ ಅಂತ ಹೇಳಿ ಎಂದು ಉಪಾಯವನ್ನೂ ಕೊಟ್ಟ. ಅವನ ಅಕ್ಕ ಎಂದರೆ ನನ್ನ ಹೆಂಡತಿ. ಮೂವತ್ತು ವರ್ಷ ಮನೆಯಲ್ಲೇ ಉಪ್ಪಿನಕಾಯಿ ಹಾಕಿದವಳು.

ನನಗೆ ತಲೆ ಕೆಟ್ಟಿತು. ಅವಳು ಬಂದ ವಾರದಲ್ಲೇ ನನ್ನನ್ನು ಠಾಣೆಯಲ್ಲಿ ನೋಡಬೇಕಾದರೆ ಇದನ್ನು ಇಟ್ಟುಕೊಳ್ಳೋಣ, ಬೇಡವಾದರೆ ಈಗಲೇ ಹೊತ್ತುಕೊಂಡು ನಡೆ ಎಂದೆ. ಅವನು ಕ್ಯಾನನ್ನು ಅಪ್ಪಿ ಬಾಗಿಲವರೆಗೆ ಹೋದ. ಕಿಟಕಿಯಿಂದ ಕೆಳಗೆ ನೋಡಿದ. ಬೀದಿಯಲ್ಲಿ ಪೊಲೀಸ್ ಗಾಡಿ ತನ್ನ ಪಾಡಿಗೆ ನಿಧಾನವಾಗಿ ಹೋಗುತ್ತಿತ್ತು.

"ಚೆಲ್ಬಿಡಣ ಸಾರ್," ಎಂದು ವಾಪಸು ಬಂದ.

ಕಮೋಡಿಗೆ ಸುರಿದೆವು. ಸುರಿದದ್ದೇ ತಡ ನೊರೆ ಉಕ್ಕಿತು. ಫ್ಲಶ್ ಮಾಡಿದರೆ ಇನ್ನಷ್ಟು ಉಕ್ಕಿ ಅಂಚಿನವರೆಗೆ ಬಂತು, ವಾಸನೆ ಹಜಾರಕ್ಕೆ ಹೊರಟಿತು. ನಾನು ಬಕೆಟ್ಟಿನ ಮೇಲೆ ಬಕೆಟ್ಟು ನೀರು ಹೊಯ್ಯುತ್ತಿದ್ದರೆ ಅವನು ಕಣ್ತುಂಬ ನೋಡುತ್ತ ನಿಂತಿದ್ದ.

"ಎಂಥಾ ನೊರೆ ಸಾರ್. ಒಂದೇ ಒಂದು ಫೋಟೋ ತಗೊಳ್ಲಾ?"

ಫೋನು ಕಿತ್ತು ನನ್ನ ಜೇಬಿಗೆ ಹಾಕಿಕೊಂಡೆ. ಕೊನೆಯ ಗುಳ್ಳೆ ಒಡೆಯುವವರೆಗೆ ಅವನನ್ನು ಬಚ್ಚಲಿನಿಂದ ಆಚೆ ಬಿಡಲಿಲ್ಲ.