ಎರಡೂವರೆ ಮಿಲಿಮೀಟರ್

ಬೋರ್ಡ್ ಮಾಡುವ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಅಳತೆಯಕ್ಕ ಅಂತಲೇ ಕರೆಯುತ್ತಿದ್ದರು. ಹದಿನೇಳು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತು ಅಕ್ಷರ, ಬಾಣದ ಗುರುತು, ಬಾಗಿಲಿನ ನಂಬರು ಬರೆದುಕೊಂಡು ಬಂದವಳು. ಅವಳು ಎಳೆದ ಗೆರೆಯನ್ನೇ ಮೆಷಿನ್ ಕತ್ತರಿಸುತ್ತದೆ. ತೆರೆಯ ಮೇಲೆ ಕೂದಲೆಳೆಯಷ್ಟು ತಪ್ಪಿದರೂ ಫಲಕ ಗುಜರಿಗೆ. ಹಾಗಾಗಿ ಕಣ್ಣಂದಾಜು ಎಂಬ ಮಾತು ಕೇಳಿದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಒಂದು ಬಿಂದುವಿನ ಮೇಲೆ ಮೌಸ್ ಒತ್ತಿ, ಇನ್ನೊಂದರವರೆಗೆ ಎಳೆದು, ನಡುವೆ ಮೂಡಿದ ಅಂಕಿಯನ್ನು ಅಂಗಡಿಗೆಲ್ಲ ಕೇಳುವಂತೆ ಓದುವಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಗಾದೆ ತನಗೋಸ್ಕರವೇ ಹುಟ್ಟಿದ್ದು ಅಂತ ಅವಳ ನಂಬಿಕೆ. ಮನೆಯಲ್ಲೂ ಅಷ್ಟೇ. ಗಂಡ ಗೋಡೆಗೆ ಮೊಳೆ ಹೊಡೆಯುವಾಗ ಟೇಪು ಹಿಡಿದು ಹಿಂದೆ ನಿಲ್ಲುವಳು. ಪಾಪ, ಆತ ಈಗ ಮೊಳೆಯ ತಂಟೆಗೇ ಹೋಗುವುದಿಲ್ಲ. ವಾದದಲ್ಲಿ ಅವಳನ್ನು ಗೆದ್ದವರೇ ಇಲ್ಲ, ಯಾಕೆಂದರೆ ಅಂಕಿ ಯಾವಾಗಲೂ ಅವಳ ಕಡೆಗಿರುತ್ತಿತ್ತು.

ಅವಳ ತಂಗಿಗೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ವರ್ಷವಿಡೀ ಗೋಡೆಗೆ ಮುಖ ಮಾಡಿ ಮಲಗಿದ್ದವಳನ್ನು ಬೈದು, ರಮಿಸಿ, ಉಬ್ಬು ಚುಕ್ಕೆಗಳ ಬ್ರೈಲ್ ಕಲಿಯಲು ಅಟ್ಟಿದವಳು ಅಕ್ಕನೇ. ಈಗ ತಂಗಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ವಿಭಾಗಗಳ ನಂಬರಿನ ಪಟ್ಟಿ ಬದಲಾದಾಗಲೆಲ್ಲ ಬೆರಳಲ್ಲಿ ಓದಿ ಬಾಯಿಪಾಠ ಮಾಡಿಕೊಳ್ಳುವಳು. ಸಂಜೆ ಆಸ್ಪತ್ರೆಯ ಹಿಂದೆ ಸಿಬ್ಬಂದಿ ವಸತಿಯಲ್ಲಿದ್ದ ತನ್ನ ಕೋಣೆಗೆ ಬಂದರೆ ಮಡಿಲಲ್ಲಿ ದಪ್ಪ ದಪ್ಪ ಪುಸ್ತಕ.

ಆ ಆಸ್ಪತ್ರೆಯವರು ಬಾಗಿಲು ಬಾಗಿಲಿಗೂ ಬ್ರೈಲ್ ಫಲಕ ಹಾಕಿಸಲು ಹೊರಟಾಗ ಕೆಲಸ ಇದೇ ಅಂಗಡಿಗೆ ಬಂತು. ಎಂಬತ್ತಾರು ಬಾಗಿಲು. ಚುಕ್ಕೆಯಿಂದ ಚುಕ್ಕೆಗೆ ಎರಡೂವರೆ ಮಿಲಿಮೀಟರ್ ಅಂತ ಕಾಗದದಲ್ಲಿತ್ತು. ಅಳತೆಯಕ್ಕ ಬರೆದಳು, ಅಳೆದಳು. ಎರಡೂವರೆ. ಮಾದರಿ ಫಲಕವನ್ನು ತಾನೇ ಒಯ್ದು, ಆಡಳಿತಾಧಿಕಾರಿಯ ಎದುರಿಗೆ ತಂಗಿಯ ಕೈಗಿಟ್ಟಳು.

"ಎಕ್ಸ್‌ರೇ ಕೋಣೆ ಅಂತಿದೆ ನೋಡು. ಅಳತೆ ನಂದೇ," ಅಂದಳು, ಬೀಗುತ್ತಾ.

ತಂಗಿಯ ಬೆರಳು ಫಲಕದ ಮೇಲೆ ಒಮ್ಮೆ ಹೋಯಿತು, ಮತ್ತೊಮ್ಮೆ ಹೋಯಿತು. "ಸರಿಯಾಗಿದೆ ಅಕ್ಕ," ಅಂದಳು. ಆ ಮಾತಿನ ಮೇಲೆ ಎಂಬತ್ತಾರೂ ತಯಾರಾದವು.

ಆಮೇಲೆ ತಂಗಿ ಯಾಕೋ ಮಂಕಾದಳು. ಹೊಸ ಪಟ್ಟಿ ಬಂದರೆ ಪಕ್ಕದವರಿಂದ ಓದಿಸಿಕೊಳ್ಳುವಳು. ಕೇಳಿದರೆ, ಸುಸ್ತು ಅನ್ನುವಳು. ನಾಲ್ಕು ತಿಂಗಳು ಹೀಗೇ ಕಳೆಯಿತು. ಒಂದು ದಿನ ಕಣ್ಣು ಕಾಣದ ಮೇಷ್ಟ್ರೊಬ್ಬರು ಚಿಕಿತ್ಸೆಗೆ ಬಂದು, ಒಂದು ಬಾಗಿಲನ್ನೂ ಓದಲಾಗದೆ ಉಗ್ರಾಣಕ್ಕೆ ನುಗ್ಗಿ ಎಡವಿ ಬಿದ್ದು, ಆಡಳಿತಾಧಿಕಾರಿಯನ್ನು ಚೆನ್ನಾಗಿ ಜಾಡಿಸಿದರು. ಅಧಿಕಾರಿ ತಂಗಿಯನ್ನು ಕರೆಸಿದ. ಸರಿಯಾಗಿದೆ ಅಂದವರು ನೀವೇ ತಾನೇ ಅಂತ ಕೇಳಿದ. ತಂಗಿ ತಲೆ ತಗ್ಗಿಸಿ, "ನನ್ನ ಬೆರಳಿಗೆ ಸ್ಪರ್ಶ ಹೋಗಿದೆ ಸಾರ್," ಅಂದಳಂತೆ. ಅವಳಿಗೆ ಸಕ್ಕರೆ ಕಾಯಿಲೆ ಮೊದಲೇ ಇತ್ತು, ಅದರಿಂದಲೇ ಬೆರಳು ಮರಗಟ್ಟಿರಬೇಕು ಅಂತ ಅಧಿಕಾರಿಯೂ ನಂಬಿದ. ಬೆರಳು ಸರಿಯಿದೆ ಅಂತ ಒಂದು ವಾರದಲ್ಲಿ ಡಾಕ್ಟರ ಸರ್ಟಿಫಿಕೇಟ್ ತನ್ನಿ, ಇಲ್ಲದಿದ್ದರೆ ಕೆಲಸ ಬಿಡಿ ಅಂದುಬಿಟ್ಟ.

ಸುದ್ದಿ ಅಳತೆಯಕ್ಕನಿಗೆ ತಲುಪಿದ್ದು ಅಂಗಡಿ ಯಜಮಾನರಿಂದ. "ಸದ್ಯ, ತಪ್ಪು ನಮ್ಮದಲ್ಲ ಬಿಡಮ್ಮ," ಅಂದರು ಅವರು.

ಅವಳಿಗೆ ಜೀವ ತಡೆಯಲಿಲ್ಲ. ಹಳೇ ಫೈಲ್ ತೆಗೆದಳು. ಅಳತೆ ಎರಡೂವರೆಯೇ ಇತ್ತು. ತೆರೆಯ ಮೇಲೆ ಇನ್ನಷ್ಟು ದೊಡ್ಡದು ಮಾಡಿ ನೋಡಿದಳು. ಅಳತೆಯ ಗೆರೆ ಒಂದು ಚುಕ್ಕೆಯ ಅಂಚಿನಿಂದ ಹೊರಟು ಮುಂದಿನ ಚುಕ್ಕೆಯ ಅಂಚಿಗೇ ನಿಂತಿತ್ತು. ಅಳೆಯಬೇಕಾದ್ದು ನಡುವಿನಿಂದ ನಡುವಿಗೆ. ಹಾಗೆ ಎಳೆದಳು: ಚುಕ್ಕೆಯ ಒಂದೂವರೆ ಅಗಲವೂ ಸೇರಿ ನಾಲ್ಕು. ಅಷ್ಟು ದೂರ ಚೆಲ್ಲಿದ ಚುಕ್ಕೆಗಳು ಬೆರಳ ತುದಿಗೆ ಒಟ್ಟಿಗೆ ಸಿಗುವುದೇ ಇಲ್ಲ. ಎಷ್ಟೇ ಚುರುಕಿನ ಬೆರಳಾದರೂ ಅದನ್ನು ಓದಲಾರದು. ಯಜಮಾನರ ಮುಖ ಕಪ್ಪಿಟ್ಟಿದ್ದನ್ನೂ ಲೆಕ್ಕಿಸದೆ, ಅದನ್ನು ಪ್ರಿಂಟ್ ತೆಗೆದುಕೊಂಡು ತಂಗಿಯ ಕೋಣೆಗೆ ಓಡಿದಳು.

ತಂಗಿ ಕಿಟಕಿಯ ಹತ್ತಿರ ಕೈಕಟ್ಟಿ ಕೂತಿದ್ದಳು. ಪುಸ್ತಕಗಳು ಮಂಚದ ಕೆಳಗೆ ಧೂಳು ತಿನ್ನುತ್ತಿದ್ದವು.

"ತಪ್ಪು ನಂದು ಕಣೇ. ಅಂಚಿಂದ ಅಳೆದುಬಿಟ್ಟಿದ್ದೆ. ನಾಳೆ ನಾನೇ ಹೋಗಿ ಒಪ್ಕೋತೀನಿ," ಅಂದಳು ಅಳತೆಯಕ್ಕ. "ನನ್ನನ್ನ ಉಳಿಸೋಕೆ ನೀನ್ಯಾಕೆ ಬೆರಳಿನ ಸುಳ್ಳು ಹೇಳ್ದೆ?"

ತಂಗಿ ಕಟ್ಟಿದ ಕೈ ಬಿಡಿಸಿ ಅಕ್ಕನ ಕಡೆ ತಿರುಗಿದಳು.

"ಸುಳ್ಳಲ್ಲ ಅಕ್ಕ. ಅವತ್ತು ನಂಗೆ ಒಂದಕ್ಷರಾನೂ ಸಿಗಲಿಲ್ಲ. ಅಳತೆ ನಂದೇ ಅಂದ್ಯಲ್ಲ, ಹಾಗಾದ್ರೆ ಕೆಟ್ಟಿರೋದು ನನ್ನ ಬೆರಳೇ ಅಂದ್ಕೊಂಡೆ. ಕೆಲಸ ಹೋಗುತ್ತೆ ಅಂತ ಹೆದರಿ ಸರಿಯಾಗಿದೆ ಅಂದೆ. ಇಲ್ಲಿ ಬಂದು ಪುಸ್ತಕ ತೆಗೆದ್ರೆ ಬೆರಳು ಕೆಟ್ಟಿದೆ ಅನ್ನೋ ಭಯಕ್ಕೆ ಅದೂ ತಿಳೀಲಿಲ್ಲ. ಆಮೇಲೆ ಮುಟ್ಟೋ ಧೈರ್ಯಾನೇ ಬರಲಿಲ್ಲ."

ಅಳತೆಯಕ್ಕ ಮಂಚದ ಕೆಳಗೆ ಬಗ್ಗಿದಳು. ಪುಸ್ತಕವೊಂದನ್ನು ಎಳೆದು, ಸೆರಗಿನಿಂದ ಒರೆಸಿ, ತಂಗಿಯ ಮಡಿಲಲ್ಲಿಟ್ಟು ಬೆರಳನ್ನು ಹಿಡಿದು ಪುಟದ ಮೇಲೆ ಊರಿದಳು. ಬೆರಳು ಹೆದರಿ ಹೆದರಿ ಸರಿಯಿತು, ತಡವರಿಸಿತು, ಮತ್ತೆ ಸರಿಯಿತು. ತಂಗಿ ಮೊದಲ ಸಾಲನ್ನು ಗಟ್ಟಿಯಾಗಿ ಓದಿದಳು. ಎರಡನೆಯದನ್ನು ಎಲ್ಲೂ ತಡೆಯದೆ ಓದಿದಳು. ಅವಳ ಕೆನ್ನೆ ಒದ್ದೆಯಾಗಿತ್ತು.

"ನನ್ನ ಅಳತೆ ತಪ್ಪಿರಬಹುದು ಅಂತ ನಿಂಗೆ ಒಂದು ಸಲಾನೂ ಅನ್ನಿಸ್ಲಿಲ್ವೇನೇ?" ಅಕ್ಕ ಕೇಳಿದಳು.

"ಹಾಗನ್ನಿಸೋಕೆ ನೀನು ಯಾವತ್ತು ಬಿಟ್ಟಿದ್ದೆ?"

ತಂಗಿ ಪುಟ ತಿರುಗಿಸಿ ಮುಂದೆ ಓದತೊಡಗಿದಳು, ಈ ಸಲ ಮನಸ್ಸಿನಲ್ಲೇ, ಅಕ್ಕನಿಗೆ ಕೇಳಿಸದ ಹಾಗೆ.