ಆಂಜಿನಪ್ಪನವರ ಬಡಿಸುವ ಕೈ

ಹೂಡಿಯ ಆಂಜಿನಪ್ಪನವರಿಗೆ ಬಫೆ ಊಟ ಕಂಡರೆ ಮೈಯೆಲ್ಲ ಉರಿ. ಉರಿಯದೆ ಇನ್ನೇನು? ಸುತ್ತಲ ಹಳ್ಳಿಗಳ ಮದುವೆಯಲ್ಲಿ ಅವರು ಸೌಟು ಹಿಡಿದು ಪಂಕ್ತಿಗೆ ಇಳಿದರೆಂದರೆ ಹೊಟ್ಟೆ ಬಿರಿಯದೆ ಒಬ್ಬರೂ ಏಳುವಂತಿರಲಿಲ್ಲ. ‘ಬೇಡ’ ಎಂದವರಿಗೆ ಎರಡು ಹೋಳಿಗೆ, ಎಲೆಗೆ ಕೈ ಅಡ್ಡ ಹಿಡಿದವರಿಗೆ ಬೆನ್ನು ಸವರಿ ಇನ್ನೊಂದು. ನಮ್ಮ ಕಡೆ ಮರ್ಯಾದಸ್ಥರು ಯಾರು ಒಂದೇ ಮಾತಿಗೆ ‘ಬೇಕು’ ಅನ್ನುತ್ತಾರೆ, ನೀವೇ ಹೇಳಿ! ಈಗ ಹೊಲದಲ್ಲೆಲ್ಲ ಅಪಾರ್ಟ್‌ಮೆಂಟು, ಮದುವೆಗೆಲ್ಲ ಕೇಟರಿಂಗು. ಕೂತಲ್ಲಿಗೇ ಬಾಡಿಗೆ ಬರುತ್ತಿತ್ತು, ಬಡಿಸುವ ಕೈ ಮಾತ್ರ ತುರಿಸುತ್ತಿತ್ತು.

ಹಿಂದಿನ ಬೀದಿಯಲ್ಲಿ ಬೌದ್ಧಿಕ ವಿಕಲತೆ ಇರುವ ದೊಡ್ಡವರು ಹಗಲು ಬಂದು ಕೆಲಸ ಕಲಿಯುವ ಕೇಂದ್ರವೊಂದಿತ್ತು. ಮಧ್ಯಾಹ್ನದ ಊಟಕ್ಕೆ ವಾಲಂಟಿಯರ್ ಬೇಕು ಎಂದಿದ್ದೇ ತಡ, ಆಂಜಿನಪ್ಪ ಹಾಜರ್. ಅಲ್ಲಿ ಇನ್ನೂ ಸಾಲಾಗಿ ಕೂತು ಉಣ್ಣುತ್ತಿದ್ದರು. ಅದನ್ನು ಕಂಡು ಅವರ ಕಣ್ಣೇ ತುಂಬಿಬಂತು.

ಸಾಲಿನ ಮೊದಲಿಗೆ ಪೇಪರ್ ಕವರ್ ಮಾಡುವ ಗೌರಿ, ಇಪ್ಪತ್ತೆಂಟರ ಹೆಣ್ಣುಮಗಳು. ಒಂದು ಮುದ್ದೆ ಉಂಡು ‘ಬೇಡ’ ಎಂದಳು.

“ಅಯ್ಯೋ, ಸಂಕೋಚ ಯಾಕವ್ವಾ!” ಎಂದು ಆಂಜಿನಪ್ಪ ಇನ್ನೊಂದು ಮುದ್ದೆ ಇಟ್ಟೇಬಿಟ್ಟರು.

ಗೌರಿ ತಟ್ಟೆ ನೋಡಿದಳು, ಅವರ ಮುಖ ನೋಡಿದಳು, ಅಳುತ್ತಾ ಎದ್ದುಹೋದಳು. ಕೇಂದ್ರ ನಡೆಸುವ ದೀಪಶ್ರೀ ಆಂಜಿನಪ್ಪನವರನ್ನು ಪಕ್ಕಕ್ಕೆ ಕರೆದಳು.

“ಸಾರ್, ಅವಳು ಏನ್ ಉಡಬೇಕು, ಎಷ್ಟು ಉಣ್ಣಬೇಕು, ಎಲ್ಲಾ ಬೇರೆಯವರೇ ಹೇಳ್ತಾ ಬಂದಿದ್ದಾರೆ. ಬೇಡ ಅನ್ನೋದನ್ನ ಈಗೀಗ ಕಲ್ತಿದ್ದಾಳೆ. ನೀವು ಒಂದೇ ಮುದ್ದೇಲಿ ಅವಳ ಬಾಯಿ ಮುಚ್ಚಿಸಿಬಿಟ್ರಿ. ಇನ್ನೊಂದ್ಸಲ ಹಿಂಗಾದ್ರೆ ಬರಬೇಡಿ.”

“ನಾನ್ ಆಕಿದ್ದು ಮುದ್ದೆ ಕಣಮ್ಮ, ಮಣ್ಣಲ್ಲ!” ಎಂದು ಆಂಜಿನಪ್ಪ ಮುನಿಸಿಕೊಂಡು ಹೊರಟರು. ಆದರೆ ಗೌರಿಯ ಅಳುಮುಖ ಮನೆತನಕ ಬೆನ್ನು ಬಿಡಲಿಲ್ಲ. ತಪ್ಪಾಯಿತು ಅನ್ನಿಸಿತು, ಮರುದಿನ ಮತ್ತೆ ಬಂದರು.

ಆಮೇಲಿನದು ತಪಸ್ಸೇ. ಯಾರಾದರೂ ‘ಬೇಡ’ ಎಂದರೆ ಸೌಟು ಹಿಡಿದ ಬಲಗೈ ತಾನಾಗಿ ಮುಂದೆ ಹೋಗುವುದು, ಎಡಗೈ ಅದನ್ನು ಹಿಡಿದೆಳೆಯುವುದು. ಇಂಥ ಕುಸ್ತಿಯನ್ನು ಆ ಕೇಂದ್ರ ಕಂಡಿರಲಿಲ್ಲ. ಎಲ್ಲರೂ ನಕ್ಕರು, ಗೌರಿ ನಗಲಿಲ್ಲ. ಆಕೆಗೆ ಇವರ ಮೇಲೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಅಷ್ಟರಲ್ಲಿ ಆಂಜಿನಪ್ಪನವರ ಅಪ್ಪನ ತಿಥಿ ಬಂತು. ಅವರ ಅಕ್ಕ ವೆಂಕಟಮ್ಮ ಕೇಂದ್ರಕ್ಕೆಂದು ಹಂಡೆ ತುಂಬ ಪಾಯಸ ಮಾಡಿಸಿ ತಂದು, ತಾವೇ ಬಡಿಸಲು ನಿಂತರು. ತಮ್ಮನಿಗೆ ಉಪಚಾರ ಕಲಿಸಿದ್ದೇ ಆ ಮಹಾತಾಯಿ.

“ಬೇಡ,” ಎಂದಳು ಗೌರಿ.

“ಬ್ಯಾಡ ಅಂದ್ರೆ ಆಯ್ತದಾ? ಒಂದೇ ಸೌಟು!”

ಗೌರಿ ಆಂಜಿನಪ್ಪನವರತ್ತ ನೋಡಿದಳು. ಸೌಟು ಬಾಗಿತ್ತು. ಆಂಜಿನಪ್ಪ ಹಿಂದೆಮುಂದೆ ನೋಡದೆ ತಟ್ಟೆಯ ಮೇಲೆ ತಮ್ಮ ಕೈ ಚಾಚಿದರು. ಹಬೆಯಾಡುವ ಪಾಯಸ, ದ್ರಾಕ್ಷಿ ಗೋಡಂಬಿ ಸಮೇತ, ಮುಂಗೈ ಮೇಲೆ ಬಿತ್ತು.

“ಅಕ್ಕಾ! ಬ್ಯಾಡ ಅಂದ್ರೆ ಬ್ಯಾಡ!”

“ಏನ್ ಬಂತೋ ನಿಂಗೆ ರೋಗ! ಅಪ್ಪನ ತಿಥೀಲಿ ಇಂಗೆ ಕೈ ಅಡ್ಡ ಇಡಿತೀಯಲ್ಲ!”

“ಅವ್ಳ ಹೊಟ್ಟೆ ಅವ್ಳಿಗೆ ಗೊತ್ತು ಕಣಕ್ಕ, ಮುಂದಕ್ಕೋಗು,” ಎಂದು ಆಂಜಿನಪ್ಪ ಹಲ್ಲು ಕಚ್ಚಿದರು.

ವೆಂಕಟಮ್ಮ ಗೊಣಗುತ್ತಾ ಮುಂದೆ ಹೋದರು. ಗೌರಿ ಎದ್ದು ಓಡಿ ಒಂದು ಚೊಂಬು ತಣ್ಣೀರು ತಂದಳು.

“ಅಂಕಲ್, ಕೈಗೆ ಹಾಕ್ಲಾ?”

ಚರ್ಮ ಕೆಂಪೇರಿ ಚುರುಚುರು ಅನ್ನುತ್ತಿತ್ತು. ಆದರೂ ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ?

“ಬ್ಯಾಡ ಬಿಡವ್ವಾ, ನಿಂಗ್ಯಾಕೆ ತೊಂದ್ರೆ.”

“ಸರಿ,” ಎಂದು ಗೌರಿ ಚೊಂಬಿನೊಂದಿಗೆ ತಿರುಗಿ ಹೊರಟೇಬಿಟ್ಟಳು.

“ಗೌರೀ! ಬೇಕು ಕಣವ್ವಾ, ಬೇಕು!”

ಆಕೆ ನಿಂತಳು. ಮೊದಲ ಸಲ ಅವರನ್ನು ನೋಡಿ ನಕ್ಕಳು.

“ಮತ್ತೆ ಮೊದ್ಲೇ ಹೇಳ್ಬೇಕು ತಾನೆ?” ಎಂದು ನೀರು ಸುರಿದಳು.