ಗುಡ್ಡಕ್ಕೆ ಹಚ್ಚಿದ ಬೆಂಕಿ

ನನ್ನ ಗಂಡ ತೀರಿಕೊಂಡದ್ದು ಕಾಡಿನ ಬೆಂಕಿಯಲ್ಲಿ. ಹೀಗೆ ಹೇಳಿದರೆ, ಅವರು ಸುಟ್ಟುಹೋದರು ಅಂತ ಕೇಳಿದವರು ಅಂದುಕೊಳ್ಳುತ್ತಾರೆ. ಅವರ ಮೈಮೇಲೆ ಒಂದು ಬೊಬ್ಬೆಯೂ ಇರಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ, ಒಂದು ಏಪ್ರಿಲ್ ಮಧ್ಯಾಹ್ನ, ನಮ್ಮ ತೋಟದ ಮೇಲಿನ ಗುಡ್ಡಕ್ಕೆ ಆಚೆ ಕಡೆಯಿಂದ ಬೆಂಕಿ ಹತ್ತಿಕೊಂಡು ಬಂತು. ಊಟಕ್ಕೆ ಕೂತಿದ್ದವರು ಎದ್ದು, ಮೇಸ್ತ್ರಿಯನ್ನೂ ನಾಲ್ಕಾರು ಆಳುಗಳನ್ನೂ ಕರೆದುಕೊಂಡು ಓಡಿದರು. ಸಂಜೆಯ ಹೊತ್ತಿಗೆ ಮೇಸ್ತ್ರಿ ಅವರನ್ನು ಬೆನ್ನ ಮೇಲೆ ಹೊತ್ತು ತಂದ. ಹೊಗೆ ಕುಡಿದು ಬಿದ್ದಿದ್ದರಂತೆ. ಜೀಪು ಮೂಡಿಗೆರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ನಮ್ಮ ತೋಟ ಇರುವುದು ಗೋಣಿಬೀಡಿನಿಂದ ದೇವರಮನೆ ಕಡೆಗೆ ಹೋಗುವ ದಿಕ್ಕಿನಲ್ಲಿ. ಕೆಳಗೆ ಕಾಫಿ, ಅದರ ಮೇಲೆ ಕಣಿವೆಯ ಮಡಿಲಿನಲ್ಲಿ ಒಂದು ಪಟ್ಟೆ ಕಾನು, ಬಿಸಿಲು ಇಳಿಯದ ದಟ್ಟ ಕಾಡು, ಅದಕ್ಕೂ ಮೇಲೆ ನೆಲ್ಲಿ, ಕೌಲು ಮರಗಳು ಅಲ್ಲೊಂದು ಇಲ್ಲೊಂದು ನಿಂತ ಹುಲ್ಲುಗುಡ್ಡ. ಗುಡ್ಡವೂ ನಮ್ಮ ಖಾತೆಯದೇ. ಮಾವನ ಕಾಲದಲ್ಲಿ ಕೊಟ್ಟಿಗೆ ತುಂಬ ದನಗಳಿದ್ದವು, ಅವು ಅಲ್ಲೇ ಮೇಯುತ್ತಿದ್ದವು. ನಾನು ಮದುವೆಯಾಗಿ ಬರುವ ಹೊತ್ತಿಗೆ ಕರೆಯುವ ಎರಡು ಹಸುಗಳು ಮಾತ್ರ ಉಳಿದಿದ್ದವು. ಮೇಯುವವರಿಲ್ಲದೆ ಹುಲ್ಲು ಆಳೆತ್ತರ ಬೆಳೆದು, ಒಣಗಿ, ಹೋದ ವರ್ಷದ ಹುಲ್ಲಿನ ಮೇಲೆ ಈ ವರ್ಷದ್ದು ಮಲಗಿ ಹಾಸಿಗೆಯ ಹಾಗೆ ದಪ್ಪಗಾಗಿತ್ತು. ನಡುನಡುವೆ ಲಂಟಾನ, ಕಮ್ಯುನಿಸ್ಟ್ ಗಿಡದ ಕಳೆ. ಕಾಟಿ ಎನ್ನುವ ಕಾಡುಕೋಣಗಳಿಗೆ, ಕಡವೆಗಳಿಗೆ ಅಲ್ಲಿ ಬಾಯಿ ಹಾಕಲು ಏನೂ ಇರಲಿಲ್ಲ. ಅವು ಕೆಳಗಿಳಿದು ನಮ್ಮ ಗದ್ದೆಗೂ ಎಳೆಯ ಕಾಫಿ ಗಿಡಗಳ ನಡುವಿಗೂ ಬರುತ್ತಿದ್ದವು.

ಕರ್ಮಾಂತರ ಮುಗಿದು ನೆಂಟರು ಹೋದ ಮೇಲೆ ಮನೆಯಲ್ಲಿ ಉಳಿದದ್ದು ಅತ್ತೆ ಮತ್ತು ನಾನು. ನಮಗೆ ಮಕ್ಕಳಾಗಿರಲಿಲ್ಲ. ನನ್ನ ಅಣ್ಣ ಬಂದು ತವರಿಗೆ ಕರೆದ. ಹೋಗಲಿಲ್ಲ. ಯಾಕೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಹೇಗೆ ಬರಲಿ ಎಂದೆ. ಒಳಗಿದ್ದ ಅತ್ತೆಗೆ ಅದು ಕೇಳಿಸಿತ್ತು. ಅಣ್ಣ ಹೊರಟ ಮೇಲೆ, "ಇರೋದಾದ್ರೆ ಇರು. ನನ್ನ ನೆಪ ಹೇಳ್ಬೇಡ" ಎಂದರು. ಆಮೇಲೆ ನಮ್ಮಿಬ್ಬರ ನಡುವೆ ಮಾತು ಕಡಿಮೆ. ಜಗಳವೇನೂ ಇಲ್ಲ. ಅವರ ಮಗ, ನನ್ನ ಗಂಡ. ಇಬ್ಬರದೂ ಒಂದೇ ದುಃಖ. ಆದರೂ ಅದನ್ನು ಹಂಚಿಕೊಳ್ಳಲು ಆಗಲಿಲ್ಲ. ಒಬ್ಬರು ಅಡುಗೆಮನೆಗೆ ಬಂದರೆ ಇನ್ನೊಬ್ಬರು ಅಂಗಳಕ್ಕೆ ಹೋಗುತ್ತಿದ್ದೆವು.

ಮೊದಲ ಮಳೆ ಬಿದ್ದ ಮೇಲೆ ನಾನು ಗುಡ್ಡ ಹತ್ತಿದೆ, ಅವರು ಬಿದ್ದ ಜಾಗ ನೋಡಬೇಕೆಂದು. ಅದು ಯಾವುದೆಂದು ತಿಳಿಯಲೇ ಇಲ್ಲ. ಕರಿಯ ನೆಲವೆಲ್ಲ ಹಸಿರಾಗಿತ್ತು, ಮೆತ್ತಗಿನ ಎಳೆ ಹುಲ್ಲು. ಅದರಲ್ಲಿ ಕಡವೆಗಳು ಮೇಯುತ್ತಿದ್ದವು. ನನ್ನನ್ನು ಕಂಡು ಕಿವಿ ನಿಮಿರಿಸಿ ನಿಂತು, ಆಮೇಲೆ ಮತ್ತೆ ತಲೆ ತಗ್ಗಿಸಿದವು. ನನಗೆ ಸಿಟ್ಟು ಬಂತು. ಅವರ ಜೀವ ಹೋದ ಜಾಗದಲ್ಲಿ ಇಷ್ಟು ಚೆಂದದ ಹುಲ್ಲು ಬರಬಾರದಿತ್ತು ಅನ್ನಿಸಿತು. ಇನ್ನೊಂದು ಕಡೆ ಕಾನಿನ ಅಂಚಿನ ದೊಡ್ಡ ಮರಗಳು ಬುಡದವರೆಗೂ ಬೆಂದು ಸತ್ತಿದ್ದವು. ಅಲ್ಲಿ ಮಳೆಯ ನೀರು ಮಣ್ಣನ್ನು ಕೊಚ್ಚಿಕೊಂಡು ಹಳ್ಳಕ್ಕೆ ಇಳಿಸುತ್ತಿತ್ತು. ಅದೇ ಬೆಂಕಿ ಒಂದು ಕಡೆ ಮೇವು ಕೊಟ್ಟಿತ್ತು, ಇನ್ನೊಂದು ಕಡೆ ನೆರಳು ಕಿತ್ತುಕೊಂಡಿತ್ತು.

ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಹುಲ್ಲು ಮತ್ತೆ ಎದೆಮಟ್ಟ. ಒಂದು ದಿನ ಊಟ ಬಡಿಸುವಾಗ, ಈ ಸಲವೂ ಬೇಸಿಗೆಯಲ್ಲಿ ಬೆಂಕಿ ಬಂದರೆ ಏನು ಮಾಡುವುದು ಎಂದೆ. ಉತ್ತರ ಬರುತ್ತದೆಂದು ಕೇಳಿದ್ದಲ್ಲ. ಅತ್ತೆ ತಟ್ಟೆ ನೋಡುತ್ತಲೇ ಹೇಳಿದರು:

"ನಿನ್ನ ಮಾವ ಇದ್ದಾಗ ಪುಷ್ಯದಲ್ಲೇ ಸುಡ್ತಿದ್ರು. ಈ ವರ್ಷ ಈ ಮಗ್ಗುಲು, ಬರೋ ವರ್ಷ ಆ ಮಗ್ಗುಲು. ಇಬ್ಬನಿ ಇರೋವಾಗ ಹಚ್ಚಿದ ಬೆಂಕಿ ಮನೆ ನಾಯಿ ಇದ್ದ ಹಾಗೆ, ಗದರಿದ್ರೆ ನಿಲ್ಲುತ್ತೆ. ಗಾಳಿ ಎದ್ದ ಮೇಲೆ ಬರೋದು ಯಾರ ಮಾತೂ ಕೇಳಲ್ಲ."

"ಮತ್ತೆ ಬಿಟ್ಟಿದ್ದು ಯಾಕೆ?"

"ದನ ಹೋದ್ವು. ಯಾರಿಗೋಸ್ಕರ ಸುಡೋದು?"

ಆ ಮಾತು ನನ್ನಲ್ಲಿ ಉಳಿಯಿತು. ಕಡವೆಗಳಿಗೋಸ್ಕರ ಸುಡಬಾರದೇಕೆ ಅನ್ನಿಸಿತು. ಕಾನು ಉಳಿಯುತ್ತದೆ, ಮೇವು ಬರುತ್ತದೆ, ಏಪ್ರಿಲ್‌ನಲ್ಲಿ ಉರಿಯಲು ಗುಡ್ಡದಲ್ಲಿ ಏನೂ ಇರುವುದಿಲ್ಲ. ಮೇಸ್ತ್ರಿಯನ್ನು ಕರೆದು ಹೇಳಿದೆ. ಅವನು ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಅಮ್ಮಾ, ಬೇರೆ ಯಾರಾದ್ರೂ ಹೇಳಿದ್ರೆ ಮಾಡ್ತಿದ್ದೆ. ನೀವು ಹೇಳ್ಬಾರ್ದು."

"ಬೇರೆ ಯಾರಿದ್ದಾರೆ ಹೇಳೋಕೆ?" ಎಂದೆ. ಅವನು ಮುಂಡಾಸನ್ನು ಮತ್ತೆ ತಲೆಗೆ ಸುತ್ತಿಕೊಂಡ.

ಪಕ್ಕದ ಕಾಡಿನ ಗಾರ್ಡ್‌ಗೆ ಮುಂಚಿತವಾಗಿ ತಿಳಿಸಿದೆ. ಅವರು ಬಂದು ಎಲ್ಲಿಂದ ಎಲ್ಲಿಯವರೆಗೆ ಎಂದು ನೋಡಿಹೋದರು. ಕಣಿವೆಯ ಆಚೆ ಬದಿಯ ತೋಟದ ಯಜಮಾನರಿಗೂ ಹೇಳಿದೆ. ನಿಮಗೆ ತಲೆ ಕೆಟ್ಟಿದೆಯೇ ಎಂದು ಅವರು ಬಾಯಿಬಿಟ್ಟು ಕೇಳಲಿಲ್ಲ, ಹಾಗೆ ನೋಡಿದರು. ಅತ್ತೆಗೆ ಮಾತ್ರ ಹೇಳುವ ಧೈರ್ಯ ಬರಲಿಲ್ಲ. ಆದರೆ ಆಳುಗಳು ಕಾನಿನ ಅಂಚಿನುದ್ದಕ್ಕೂ ಹುಲ್ಲು ಸವರಿ, ನೆಲ ಕಾಣುವ ಹಾಗೆ ಬೆಂಕಿಗೆರೆ ತೆಗೆಯುತ್ತಿದ್ದದ್ದು ಅಂಗಳಕ್ಕೆ ಕಾಣುತ್ತಿತ್ತು. ಅತ್ತೆ ಆ ಕಡೆ ನೋಡಲಿಲ್ಲ. ಆ ದಿನ ಬೆಳಿಗ್ಗೆ ನಾನು ಹೊರಡುವಾಗ ಅವರ ಕೋಣೆಯ ಬಾಗಿಲು ಮುಚ್ಚಿತ್ತು.

ಆಗಷ್ಟೇ ಬೆಳಕು ಹರಿದಿತ್ತು. ಹುಲ್ಲಿನ ಬುಡದಲ್ಲಿ ಇಬ್ಬನಿಯ ತೇವ, ಗಾಳಿ ಇಲ್ಲ. ಕಾಫಿಗೆ ಬೋರ್ಡೋ ಔಷಧಿ ಹೊಡೆಯಲು ಬೆನ್ನಿಗೆ ಹಾಕಿಕೊಳ್ಳುವ ಪಂಪುಗಳಲ್ಲಿ ನೀರು ತುಂಬಿಕೊಂಡು ಆಳುಗಳು ಗೆರೆಯ ಉದ್ದಕ್ಕೆ ನಿಂತರು. ಒದ್ದೆ ಗೋಣಿ, ಹಸಿ ಸೊಪ್ಪಿನ ಕೊಂಬೆಗಳು ತಯಾರಾಗಿದ್ದವು. ಬೆಂಕಿ ನಿಧಾನ ಇಳಿಯಲೆಂದು ಮೇಲಿನ ತುದಿಯಿಂದ ಹಚ್ಚುವುದು. ಕಡ್ಡಿ ನಾನೇ ಗೀರುತ್ತೇನೆ ಎಂದಿದ್ದೆ. ಎಷ್ಟೋ ಕಡ್ಡಿಗಳು ಹುಲ್ಲಿಗೆ ತಾಗುವ ಮೊದಲೇ ಆರಿಹೋದವು. ಕೊನೆಗೆ ಒಂದು ಹಿಡಿದುಕೊಂಡಿತು. ಹುಲ್ಲು ಮೊದಲು ಮುನಿಸಿಕೊಂಡಂತೆ ಹೊಗೆಯಾಡಿ, ಆಮೇಲೆ ಸಣ್ಣಗೆ ಚಟಪಟ ಎನ್ನುತ್ತ ಉರಿಯತೊಡಗಿತು. ಮೊಣಕಾಲೆತ್ತರದ ಜ್ವಾಲೆ, ಅಷ್ಟೇ. ನಡೆಯುವವನಿಗಿಂತ ನಿಧಾನವಾಗಿ ಅದು ಕೆಳಗಿಳಿಯಿತು.

ಆದರೆ ಹೊಗೆಯ ವಾಸನೆ ಆ ದಿನದ್ದೇ. ಅವರ ಅಂಗಿಯಲ್ಲಿ, ಕೂದಲಲ್ಲಿ ಇದ್ದದ್ದು ಇದೇ. ಒಂದು ಕಲ್ಲಿನ ಪಕ್ಕ ಕುಸಿದು ಕೂತೆ. ಒಂದು ಮೂಲೆಯಲ್ಲಿ ಬೆಂಕಿ ಗೆರೆ ದಾಟಿ ಆಚೆಯ ಹುಲ್ಲಿಗೆ ನಾಲಿಗೆ ಚಾಚಿದ್ದು ಕಾಣುತ್ತಿತ್ತು, ಏಳಲು ಆಗಲಿಲ್ಲ, ಕೂಗಲೂ ಆಗಲಿಲ್ಲ. ಆಗ ಹಿಂದಿನಿಂದ ಧಪ್, ಧಪ್ ಎಂದು ಸದ್ದು. ತಿರುಗಿ ನೋಡಿದರೆ ಅತ್ತೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಹಸಿ ಕೊಂಬೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಆ ನಾಲಿಗೆಯನ್ನು ಬಡಿಯುತ್ತಿದ್ದರು. ಯಾವಾಗ ಹತ್ತಿ ಬಂದರೋ.

ಅದು ಆರಿದ ಮೇಲೆ ಏದುಸಿರು ಬಿಡುತ್ತ ನನ್ನ ಕಡೆ ನೋಡಿದರು. "ಕೂತ್ಕೊಂಡ್ರೆ ಆಗುತ್ತೇನೇ? ಆ ಕಡೆ ನೋಡು, ಕಾನಿನ ಬದಿ."

ನಾನು ಎದ್ದೆ.

ಅಲ್ಲಿಂದ ಪ್ರತಿ ಪುಷ್ಯದಲ್ಲೂ ನಾವಿಬ್ಬರೂ ಗುಡ್ಡಕ್ಕೆ ಹೋದೆವು. ವರ್ಷವಿಡೀ ಮನೆಯಲ್ಲಿ ಆಡದ ಮಾತು ಅಲ್ಲಿ ಹೇಗೋ ಹೊರಗೆ ಬರುತ್ತಿತ್ತು. ಒಂದು ವರ್ಷ, ಬೆಂಕಿ ಕೆಳಗಿನ ಗೆರೆ ಮುಟ್ಟಿ ಆರುತ್ತಿದ್ದಾಗ, ಅವರು ನನ್ನ ಮುಖ ನೋಡದೆ ಕೇಳಿದರು: "ಅವತ್ತು ಹೋಗೋವಾಗ ಅವ್ನು ಏನಾದ್ರೂ ಹೇಳಿದ್ನಾ?"

"ಅನ್ನ ಮುಚ್ಚಿಡು, ಈಗ ಬಂದೆ ಅಂದ್ರು."

"ಅಷ್ಟೇನಾ?"

"ಅಷ್ಟೇ, ಅತ್ತೆ."

ಅವರು ಕೊಂಬೆ ಎತ್ತಿಕೊಂಡು, ಆಗಲೇ ಆರಿದ್ದ ಬೂದಿಯನ್ನು ಬಹಳ ಹೊತ್ತು ಬಡಿದರು.

ಸುಟ್ಟ ನೆಲದ ಮೇಲೆ ನೆಲ್ಲಿಕಾಯಿ ಬಿದ್ದರೆ ಎದ್ದು ಕಾಣುತ್ತದೆ. ಕಡವೆಗಳು ಮೊದಲು ಬರುತ್ತಿದ್ದದ್ದು ಅದಕ್ಕೆ, ಬೂದಿಯಲ್ಲಿ ಗೊರಸಿನ ಗುರುತು ಬಿಟ್ಟುಕೊಂಡು. ಮಾರ್ಚಿನಲ್ಲಿ ಹೂಮಳೆ ಬಿದ್ದು ಕೆಳಗೆ ಕಾಫಿ ಅರಳುವ ಹೊತ್ತಿಗೆ ಮೇಲೆ ಎಳೆ ಹುಲ್ಲು. ಆಗ ಕಾಟಿಗಳು. ಸುಡದೆ ಬಿಟ್ಟ ಮಗ್ಗುಲಿನ ಎತ್ತರದ ಹುಲ್ಲಿನಲ್ಲಿ ಕರುಗಳನ್ನು ಮಲಗಿಸಿ, ಸುಟ್ಟ ಮಗ್ಗುಲಿಗೆ ಮೇಯಲು ಬರುತ್ತಿದ್ದವು. ಗದ್ದೆಗೆ ಇಳಿಯುವುದು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ನಾವು ಎಷ್ಟೇ ಗದ್ದಲ ಮಾಡಿ ಗುಡ್ಡ ಸುತ್ತಿದ ಮೇಲೆ ಬೆಂಕಿ ಹಚ್ಚಿದರೂ ಸಣ್ಣಪುಟ್ಟ ಜೀವಗಳು ಸಾಯುತ್ತಿದ್ದವು. ಬೂದಿಯಲ್ಲಿ ಸುಟ್ಟ ಓತಿಕ್ಯಾತ ಕಂಡ ದಿನ ನನಗೆ ಊಟ ಸೇರುತ್ತಿರಲಿಲ್ಲ. ಅತ್ತೆ ಮಾತ್ರ ಬಂಡೆಯ ಮೇಲೆ ಕೂತು ಕಾಟಿಗಳನ್ನು ನೋಡುತ್ತ, "ನಮ್ಮ ಕೊಟ್ಟಿಗೆ ದನ ತಿರುಗಿ ಬಂದ ಹಾಗಿದೆ ನೋಡೇ" ಎನ್ನುತ್ತಿದ್ದರು.

ಊರಿನವರಿಗೆ ಅದು ಹಾಗೆ ಕಾಣಲಿಲ್ಲ. ಗೋಣಿಬೀಡಿನ ಅಂಗಡಿಯೊಂದರಲ್ಲಿ ಅಕ್ಕಿ ಮೂಟೆಯ ಮರೆಯಲ್ಲಿದ್ದ ನನಗೆ ಇಬ್ಬರು ಹೆಂಗಸರ ಮಾತು ಕೇಳಿಸಿತು. "ಗಂಡನ್ನ ತಿಂದ ಬೆಂಕಿನ ಸಾಕ್ಕೊಂಡಿದ್ದಾಳಂತೆ ಮಾರಾಯ್ತಿ." ಅವರಲ್ಲಿ ಒಬ್ಬರು ನನ್ನ ಮದುವೆಯಲ್ಲಿ ನನಗೆ ಜಡೆ ಹೆಣೆದವರು. ಮೆಲ್ಲಗೆ ಕರೆಯೋಲೆಗಳು ಕಡಿಮೆಯಾದವು. ಮದುವೆಮನೆಗೆ ಹೋದರೆ ಪಕ್ಕದ ಕುರ್ಚಿ ಖಾಲಿಯೇ ಇರುತ್ತಿತ್ತು. ನಾನೂ ಹೋಗುವುದನ್ನು ಬಿಟ್ಟೆ. ಅತ್ತೆ ಇದ್ದುದರಿಂದ ಅದು ಅಷ್ಟು ತಾಗಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಶ್ರಾವಣದಲ್ಲಿ ಅತ್ತೆ ಜ್ವರ ಬಂದು ಮಲಗಿದವರು ಏಳಲಿಲ್ಲ. ಮೇಸ್ತ್ರಿಯೂ ವಯಸ್ಸಾಗಿ ಕಳಸದ ಕಡೆ ಇದ್ದ ಮಗಳ ಮನೆ ಸೇರಿದ. ಆ ಪುಷ್ಯದಲ್ಲಿ ಹೊಸ ಆಳುಗಳನ್ನು ಕಟ್ಟಿಕೊಂಡು ಗುಡ್ಡ ಹತ್ತಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರು. ಬಿಸಿಲೇರುವ ಮೊದಲೇ ಎಲ್ಲ ಮುಗಿಯಿತು. "ಅಮ್ಮಾ, ಇಳಿಯೋಣ್ವಾ?" ಎಂದು ಕೇಳಿದರು. ನೀವು ನಡೀರಿ ಎಂದೆ. ಅವರ ಮಾತು, ನಗು ಕಾನಿನೊಳಗೆ ಇಳಿದು ಕೇಳಿಸದಾಯಿತು. ನನ್ನ ಮುಂದೆ ಹೊಗೆಯಾಡುವ ಕರಿಯ ನೆಲ. ಗಂಡ ಹೋದಾಗ ನನಗೆ ದುಃಖವಿತ್ತು. ಒಂಟಿತನ ಎಂದರೆ ಏನೆಂದು ತಿಳಿದದ್ದು ಆ ಬೆಳಿಗ್ಗೆ. ಬೂದಿಗೆ ಕಣ್ಣು ಉರಿಯುತ್ತಿದೆ ಎಂದು ಹೇಳಲೂ ಪಕ್ಕದಲ್ಲಿ ಒಂದು ಜೀವವಿರಲಿಲ್ಲ.

ಕೆಲವು ವರ್ಷಗಳ ನಂತರ, ಹೂಮಳೆ ತಡವಾದ ಒಂದು ಬೇಸಿಗೆಯಲ್ಲಿ, ಆಚೆ ಕಡೆಯಿಂದ ಮತ್ತೆ ಬೆಂಕಿ ಬಂತು. ಮಧ್ಯಾಹ್ನದ ಗಾಳಿ. ಗಂಡ ಹೋದ ದಿನ ಕೇಳಿದ್ದ ಅದೇ ಸದ್ದು, ದೂರದಲ್ಲಿ ಲಾರಿಗಳು ಘಾಟಿ ಹತ್ತುವಂಥದ್ದು. ಈ ಸಲ ನಾನೇ ಆಳುಗಳ ಜತೆ ಹೋದೆ. ದಿಣ್ಣೆಯ ನೆತ್ತಿಯವರೆಗೆ ಬಂದ ಬೆಂಕಿ ನಾವು ಜನವರಿಯಲ್ಲಿ ಸುಟ್ಟಿದ್ದ ಮಗ್ಗುಲು ಸಿಕ್ಕ ಕೂಡಲೇ ಕುಗ್ಗಿತು. ತಿನ್ನಲು ಏನೂ ಸಿಗದೆ ಪಕ್ಕಕ್ಕೆ ಹರಿಯಿತು. ಅಲ್ಲಿ ಅದು ಸಣ್ಣದಾಗಿದ್ದಾಗ ಬಡಿದು ಆರಿಸಿದೆವು. ಕಾನಿಗೆ ಏನೂ ಆಗಲಿಲ್ಲ. ಕಣಿವೆಯಾಚೆಯ ಯಜಮಾನರ ಕಾಫಿಯೂ ಉಳಿಯಿತು.

ಮಾರನೆಯ ದಿನ ಅವರು ಹೆಂಡತಿಯ ಜತೆ ಜೀಪಿನಲ್ಲಿ ಬಂದರು. ಜಗಲಿಯಲ್ಲಿ ಕೂತು ಕಾಫಿ ಕುಡಿದರು. ಕಾಯಿಕೊರಕದ ಹುಳುವಿನ ಬಗ್ಗೆ, ಆಳು ಸಿಗದಿರುವುದರ ಬಗ್ಗೆ ಮಾತಾಡಿದರು. ಬೆಂಕಿಯ ಮಾತು ಎತ್ತಲಿಲ್ಲ. ಹೊರಡುವಾಗ ಅವರ ಹೆಂಡತಿ ಜೀಪಿನ ಬಳಿ ನನ್ನ ಕೈ ಹಿಡಿದುಕೊಂಡರು.

"ಒಬ್ರೇ ಹೇಗಿರ್ತೀರಿ ಇಲ್ಲಿ?"

"ಅಭ್ಯಾಸ ಆಗಿದೆ" ಎಂದೆ.

ಅವರು ಇನ್ನೇನೋ ಹೇಳುವವರಿದ್ದರು. ಯಜಮಾನರು ಜೀಪು ಸ್ಟಾರ್ಟ್ ಮಾಡಿದರು. ಆಮೇಲೆ ಆಕೆ ಬರಲಿಲ್ಲ. ಬರುತ್ತಾರೆಂದು ಕೆಲವು ದಿನ ಕಾಫಿಬೀಜ ಹೊಸದಾಗಿ ಹುರಿದು ಪುಡಿ ಮಾಡಿ ಇಟ್ಟಿದ್ದೆ.

ಮುಂದಿನ ಪುಷ್ಯದಲ್ಲಿ ನಮ್ಮ ಗುಡ್ಡದ ಬೆಂಕಿ ಆರಿ, ಆಳುಗಳು ಇಳಿದುಹೋಗಿ, ನಾನೊಬ್ಬಳೇ ನಿಂತಿದ್ದಾಗ ಕಣಿವೆಯಾಚೆಯ ಯಜಮಾನರ ಬೋಳುಗುಡ್ಡದಲ್ಲಿ ಹೊಗೆ ಕಂಡಿತು. ಕಣ್ಣು ಕಿರಿದು ಮಾಡಿ ನೋಡಿದೆ. ಮೇಲಿನ ತುದಿಯಿಂದ ಕೆಳಕ್ಕೆ, ಒಂದೇ ಸಾಲಾಗಿ, ನಿಧಾನವಾಗಿ ಇಳಿಯುತ್ತಿದ್ದ ಹೊಗೆ. ಅಂಚಿನಲ್ಲಿ ಇರುವೆಗಳ ಹಾಗೆ ಮನುಷ್ಯರು. ಅವರೂ ಸುಡುತ್ತಿದ್ದರು. ನನಗೆ ಹೇಳಿ ಕಳಿಸಿರಲಿಲ್ಲ, ಕೇಳಿಯೂ ಇರಲಿಲ್ಲ. ಅಷ್ಟು ದೂರಕ್ಕೆ ಕಾಣುವುದಿಲ್ಲ ಎಂದು ಗೊತ್ತಿದ್ದೂ ಕೈ ಎತ್ತಿದೆ. ಅದು ತೆಳುವಾಗಿ ಆರುವವರೆಗೂ ಅಲ್ಲೇ ನಿಂತಿದ್ದೆ.

ಮನೆಗೆ ಇಳಿದು ಬಂದು, ಚಪ್ಪಲಿ ಬಿಡುತ್ತ, "ಅತ್ತೆ, ಆಚೆ ಗುಡ್ಡಕ್ಕೂ ಹಚ್ಚಿದ್ರು" ಎಂದೆ, ಜೋರಾಗಿಯೇ. ನಡುಮನೆಯಲ್ಲಿ ನನ್ನ ಧ್ವನಿ ಸ್ವಲ್ಪ ಹೊತ್ತು ಇದ್ದು ಹೋಯಿತು. ಆಮೇಲೆ ಬಚ್ಚಲ ಒಲೆಗೆ ಸೌದೆ ಹಾಕಿ ಸ್ನಾನಕ್ಕೆ ನೀರು ಕಾಯಲಿಟ್ಟೆ.